ಇಂದ್ರನ ಕ್ಲಬ್ಬೂ ಅಮ್ಮಂದಿರ ಡಬ್ಬಿಯೂ

ನಮ್ಮ ಊರಿನಲ್ಲಿ ಬಾರ್ ಎಂದರೆ ಒಂದು ಹಸಿರು ಪರದೆ. ನಾನು ಶಾಲೆಗೆ ಹೋಗುವ ದಾರಿಯಲ್ಲೇ, ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಅದು ಇದೆ. ಇಪ್ಪತ್ತೆಂಟು ವರ್ಷಗಳಿಂದ ಆ ಪರದೆಯ ಮುಂದೆ ನಡೆದು ಹೋಗಿದ್ದೇನೆ. ಪರದೆಯ ಆಚೆ ಏನಿದೆ ಎಂದು ಒಂದು ದಿನವೂ ಕಂಡವಳಲ್ಲ. ಅಲ್ಲಿಗೆ ಬಂದಾಗ ಸೆರಗನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು, ಎದುರಿಗಿರುವ ಔಷಧದ ಅಂಗಡಿಯ ಕಡೆಗೆ ಮುಖ ತಿರುಗಿಸಿ, ಹೆಜ್ಜೆ ಚುರುಕು ಮಾಡುವುದು ನನ್ನ ಕಾಲುಗಳಿಗೆ ತಾನಾಗಿ ಬಂದ ಅಭ್ಯಾಸ. ನೀವೂ ಹಾಗೇ ಮಾಡುತ್ತೀರೆಂದು ನನಗೆ ಗೊತ್ತು.

ಹೀಗಿರುವಾಗ ಒಂದು ಭಾನುವಾರ ಬೆಂಗಳೂರಿನಿಂದ ಮಗಳ ಫೋನು. "ಅಮ್ಮ, ಮುಂದಿನ ಶನಿವಾರ ನಮ್ ಬ್ಯಾಂಡ್ ಒಂದು ಬಾರ್‌ನಲ್ಲಿ ನುಡಿಸ್ತಿದೆ. ನೀನು ಬರ್ಬೇಕು" ಎಂದಳು. ಅವಳು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಜೊತೆಯ ನಾಲ್ಕು ಜನ ಸೇರಿಕೊಂಡು, ರಜಾ ದಿನಗಳಲ್ಲಿ ಯಾರದೋ ಮನೆಯ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಾರೆಂದು ತಿಳಿದಿತ್ತು. ಸ್ವಂತದ ಹಾಡುಗಳೇನೂ ಇಲ್ಲ. ಬೇರೆಯವರು ಹಾಡಿ ಹೆಸರಾದ ಹಿಂದಿ, ಇಂಗ್ಲಿಷ್, ಕನ್ನಡ ಹಾಡುಗಳನ್ನು ತಾವು ನುಡಿಸುತ್ತಾರೆ. ನನ್ನ ಮಗಳು ಬಾರಿಸುವುದು ಡ್ರಮ್ಮು. ಗ್ಯಾರೇಜಿನಲ್ಲಿ ಇರುವವರೆಗೆ ಅದು ನಮಗೊಂದು ತಮಾಷೆಯ ವಿಷಯವಾಗಿತ್ತು. ಬಾರ್ ಎಂದ ಕೂಡಲೇ ನನ್ನ ಕಣ್ಣ ಮುಂದೆ ಹಸಿರು ಪರದೆ ಬಂತು. "ನೋಡೋಣ" ಎಂದೆ. ನಮ್ಮ ಮನೆಯಲ್ಲಿ 'ನೋಡೋಣ' ಎಂದರೆ ಇಲ್ಲ ಎಂದೇ ಅರ್ಥ.

ವಿಷಯ ಇಷ್ಟೇ ಆಗಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆಗ ಅವಳಿಗೆ ಒಂದು ಸಂಬಂಧದ ಮಾತು ನಡೆದಿತ್ತು. ಒಳ್ಳೆಯ ಮನೆತನ, ಹುಡುಗ ಇಂಜಿನಿಯರು, ಜಾತಕವೂ ಕೂಡಿತ್ತು. ಹುಡುಗನ ಚಿಕ್ಕಮ್ಮ ಅದು ಹೇಗೋ ಮಗಳು ಡ್ರಮ್ ಬಾರಿಸುವ ವಿಡಿಯೋ ಒಂದನ್ನು ನೋಡಿ, ನಮ್ಮ ಮನೆಯವರ ಫೋನಿಗೇ ಕಳಿಸಿದರು. ಕೆಳಗೆ ಒಂದೇ ಸಾಲು: "ಇದು ನಿಮ್ಮ ಹುಡುಗಿಯೇ ಅಲ್ಲವೆ?" ಇವರು ಅದನ್ನು ಮೂರು ಸಲ ನೋಡಿದರು. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, "ಬಾರ್ ಗೀರ್ ಎಲ್ಲ ಬಿಡೋಕೆ ಹೇಳು. ನಾನು ಹೇಳಿದರೆ ಜಗಳ ಆಗುತ್ತೆ, ನೀನೇ ಹೇಳು" ಎಂದರು. ಕಹಿ ಮಾತನ್ನು ಮಕ್ಕಳಿಗೆ ಮುಟ್ಟಿಸುವ ಕೆಲಸ ಯಾವ ಮನೆಯಲ್ಲಾದರೂ ಅಮ್ಮಂದಿರದೇ ತಾನೆ?

ನಾನು ಫೋನು ಮಾಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಅಮ್ಮ, ನೀನು ಹಿಸ್ಟರಿ ಟೀಚರ್ ಅಲ್ವಾ? ಬೀಟಲ್ಸ್ ಎಲ್ಲಿ ಕಲಿತರು ಅಂತ ಓದು. ಆಮೇಲೆ ಬಿಡು ಅನ್ನು, ಬಿಡ್ತೀನಿ" ಎಂದು ಇಟ್ಟುಬಿಟ್ಟಳು. ಬೀಟಲ್ಸ್ ಎಂದರೆ ಉದ್ದ ಕೂದಲಿನ ನಾಲ್ವರು ಇಂಗ್ಲಿಷ್ ಹುಡುಗರು, 1968ರಲ್ಲಿ ಋಷಿಕೇಶಕ್ಕೆ ಬಂದಿದ್ದರು ಎಂಬಷ್ಟೇ ನನ್ನ ಜ್ಞಾನ. ಆದರೆ ಇತಿಹಾಸ ಪಾಠ ಮಾಡುವವರಿಗೆ ಒಂದು ಚಟವಿದೆ. ಓದು ಎಂದು ಯಾರಾದರೂ ಸವಾಲು ಹಾಕಿದರೆ ಸುಮ್ಮನಿರಲಾಗುವುದಿಲ್ಲ. ಅವಳ ಕೋಣೆಯ ಕಪಾಟಿನಲ್ಲಿ ಬಿಟ್ಟುಹೋಗಿದ್ದ ಎರಡು ದಪ್ಪ ಪುಸ್ತಕಗಳನ್ನು ಇಳಿಸಿದೆ. ಐದು ರಾತ್ರಿ ಓದಿದೆ. ಪುಸ್ತಕಗಳು ಹಾಡುಗಾರರ ಬಗ್ಗೆ ಇದ್ದವು. ನಾನು ಓದಿದ್ದು ಮಾತ್ರ ಅವರ ಅಮ್ಮಂದಿರ ಬಗ್ಗೆ.

ಮೊದಲು ಕಾಲ, ದೇಶ ಹೇಳಿಬಿಡುತ್ತೇನೆ. ಅದಿಲ್ಲದೆ ಪಾಠ ಶುರುವಾಗುವುದಿಲ್ಲ. ಲಿವರ್‌ಪೂಲ್ ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಬಂದರು. 1941ರ ಮೇ ತಿಂಗಳಲ್ಲಿ ಜರ್ಮನಿಯ ವಿಮಾನಗಳು ಅಲ್ಲಿ ರಾತ್ರಿಗಟ್ಟಲೆ ಬಾಂಬು ಸುರಿದಿದ್ದವು. ಜಾನ್ ಲೆನನ್ ಹುಟ್ಟಿದ್ದು 1940ರಲ್ಲಿ, ಪಾಲ್ ಮೆಕಾರ್ಟ್ನಿ 1942ರಲ್ಲಿ, ಜಾರ್ಜ್ ಹ್ಯಾರಿಸನ್ 1943ರಲ್ಲಿ. ಎಲ್ಲರೂ ಯುದ್ಧಕಾಲದ ಕೂಸುಗಳು. ಯುದ್ಧ ಮುಗಿದ ಮೇಲೂ ಬ್ರಿಟನ್ನಿನಲ್ಲಿ ಹದಿನೆಂಟು ತುಂಬಿದ ಹುಡುಗರು ಕಡ್ಡಾಯವಾಗಿ ಸೈನ್ಯಕ್ಕೆ ಹೋಗಬೇಕಿತ್ತು. ಆ ಕಾನೂನನ್ನು ಕೈಬಿಡುವಾಗ 1939ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರನ್ನು ಕರೆಯುವುದಿಲ್ಲ ಎಂದು ಗೆರೆ ಎಳೆದರು. ಈ ಹುಡುಗರು ಆ ಗೆರೆಯ ಈಚೆಗೆ ಹುಟ್ಟಿದವರು. ಕೆಲವು ವರ್ಷ ಮುಂಚೆ ಹುಟ್ಟಿದ್ದರೆ ಕೈಗೆ ಗಿಟಾರಿನ ಬದಲು ಬಂದೂಕು ಬರುತ್ತಿತ್ತು. ದೊಡ್ಡ ದೊಡ್ಡ ಸಂಗತಿಗಳು ಎಷ್ಟೋ ಸಲ ಇಂಥ ಒಂದು ಸರ್ಕಾರಿ ತಾರೀಖಿನ ಮೇಲೆ ನಿಂತಿರುತ್ತವೆ.

1956ರ ಸುಮಾರಿಗೆ ಅಲ್ಲಿನ ಹುಡುಗರಿಗೆಲ್ಲ 'ಸ್ಕಿಫಲ್' ಎಂಬ ಸಂಗೀತದ ಗೀಳು ಹಿಡಿಯಿತು. ಅದಕ್ಕೆ ಬೇಕಾದ ವಾದ್ಯಗಳ ಪಟ್ಟಿ ನೋಡಿದರೆ ನಗು ಬರುತ್ತದೆ. ಅಮ್ಮ ಬಟ್ಟೆ ಉಜ್ಜುವ ಏಣುಏಣಿನ ಹಲಗೆಯೊಂದು. ಬೆರಳಿಗೆ ಹೊಲಿಗೆಯ ಟೋಪಿ ಹಾಕಿಕೊಂಡು ಅದರ ಮೇಲೆ ಎಳೆದರೆ ತಾಳ. ಭಾರತದಿಂದಲೋ ಸಿಲೋನಿನಿಂದಲೋ ಚಹ ತುಂಬಿಕೊಂಡು ಬಂದ ಖಾಲಿ ಪೆಟ್ಟಿಗೆಗೆ ಒಂದು ಕೋಲು, ಒಂದು ದಾರ ಕಟ್ಟಿದರೆ ಮಂದ್ರ ಸ್ವರ. ಒಂದು ಅಗ್ಗದ ಗಿಟಾರು. ಇಷ್ಟಾದರೆ ಒಂದು ತಂಡ! ಜಾನ್ ಕಟ್ಟಿದ ಇಂಥ ತಂಡದ ಹೆಸರು ಕ್ವಾರಿಮೆನ್. 1957ರ ಜುಲೈ 6ರಂದು ಅವರು ಒಂದು ಚರ್ಚಿನ ಜಾತ್ರೆಯಲ್ಲಿ ನುಡಿಸಿದ ದಿನವೇ ಪಾಲ್ ಅವನನ್ನು ಮೊದಲು ಭೇಟಿಯಾದದ್ದು. ನಮ್ಮ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಂತೆಯೇ ಎನ್ನಿ. ಅವರೂ ಹಾಡುತ್ತಿದ್ದದ್ದು ಬೇರೆಯವರ ಹಾಡುಗಳನ್ನೇ.

ಪಾಲ್‌ನ ತಾಯಿ ಮೇರಿ ದಾದಿಯಾಗಿ, ಸೂಲಗಿತ್ತಿಯಾಗಿ ದುಡಿದವಳು. 1956ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು; ಹುಡುಗನಿಗೆ ಆಗ ಹದಿನಾಲ್ಕು. ಜಾನ್‌ನನ್ನು ಬೆಳೆಸಿದ್ದು ಅವನ ದೊಡ್ಡಮ್ಮ ಮಿಮಿ. ಬಹಳ ಶಿಸ್ತಿನ ಹೆಂಗಸು. ಗಿಟಾರಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಆಕೆ ಅವನಿಗೆ ಮತ್ತೆ ಮತ್ತೆ ಹೇಳುತ್ತಿದ್ದದ್ದು ಈಗ ಲೋಕಪ್ರಸಿದ್ಧ. ಹೆತ್ತ ತಾಯಿ ಜೂಲಿಯಾ ಅವನಿಗೆ ತಂತಿ ಮೀಟುವುದನ್ನು ಹೇಳಿಕೊಟ್ಟವಳು. 1958ರ ಜುಲೈ 15ರಂದು ಮಿಮಿಯ ಮನೆಗೆ ಬಂದು ಹೊರಟವಳು ಅಲ್ಲೇ ರಸ್ತೆ ದಾಟುವಾಗ ಕಾರಿಗೆ ಸಿಕ್ಕಿ ಸತ್ತಳು. ತಾಯಿ ಇಲ್ಲದ ಇಬ್ಬರು ಹುಡುಗರು ಹಾಡಿಗೆ ಹಾಡು ಸೇರಿಸಿಕೊಂಡು ಕುಳಿತರು. ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮಡಚಿ, ಹೊತ್ತು ಎಷ್ಟಾಯಿತೆಂದೂ ನೋಡದೆ ಮಗಳಿಗೆ "ಊಟ ಆಯ್ತಾ?" ಎಂದು ಮೆಸೇಜು ಕಳಿಸಿದೆ.

ಆದರೆ ನಾನು ನಿಮಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಮೋನಾ ಬೆಸ್ಟ್ ಎಂಬಾಕೆಯ ಕಥೆ. ಈಕೆ ಹುಟ್ಟಿದ್ದು 1924ರಲ್ಲಿ, ನಮ್ಮ ದೆಹಲಿಯಲ್ಲಿ. ಹಿರಿಯ ಮಗ ಪೀಟ್ ಹುಟ್ಟಿದ್ದು 1941ರ ನವೆಂಬರ್ 24ರಂದು, ಮದರಾಸಿನಲ್ಲಿ. ಮಗುವಿನ ತಂದೆ ಯುದ್ಧದಲ್ಲಿ ತೀರಿಕೊಂಡಮೇಲೆ, 1944ರಲ್ಲಿ ಆಕೆ ಮುಂಬಯಿಯಲ್ಲಿ ಜಾನ್ ಬೆಸ್ಟ್ ಎಂಬ ಸೈನ್ಯಾಧಿಕಾರಿಯನ್ನು ಮದುವೆಯಾದಳು. 1945ರಲ್ಲಿ ಸಂಸಾರ ಹಡಗು ಹತ್ತಿ ಲಿವರ್‌ಪೂಲಿಗೆ ಹೋಯಿತು. ಬಿಸಿಲ ದೇಶದಲ್ಲಿ ಹುಟ್ಟಿ ಬೆಳೆದವಳು, ಬಾಂಬು ಬಿದ್ದು ಬಾಯ್ದೆರೆದಿದ್ದ ಊರಿನಲ್ಲಿ, ಆ ಚಳಿಯಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ಬದುಕು ಹೂಡಿದಳು.

ಆಕೆಗೆ ದೊಡ್ಡ ಮನೆಯ ಆಸೆ. ಮನೆಯವರು ಹೇಳುತ್ತ ಬಂದ ಕಥೆಯೊಂದಿದೆ. 1954ರಲ್ಲಿ ತನ್ನ ಒಡವೆ ಅಡವಿಟ್ಟು, ಕುದುರೆ ರೇಸಿನಲ್ಲಿ 'ನೆವರ್ ಸೇ ಡೈ' ಎಂಬ ಕುದುರೆಗೆ ಹಣ ಕಟ್ಟಿದಳಂತೆ. ಯಾರೂ ನಂಬದಿದ್ದ ಆ ಕುದುರೆ ಒಂದಕ್ಕೆ ಮೂವತ್ತಮೂರರಂತೆ ಗೆದ್ದು ಕೊಟ್ಟಿತಂತೆ. ಒಡವೆ ಅಡವಿಡುವ ಕಥೆ ನಮಗೇನೂ ಹೊಸತಲ್ಲ. ಅದು ಬಿಡಿಸಿಕೊಂಡು ಬಂದದ್ದು ಮಾತ್ರ ಅಪರೂಪ. ಅಂತೂ 1957ರಲ್ಲಿ ವೆಸ್ಟ್ ಡರ್ಬಿ ಎಂಬ ಬಡಾವಣೆಯಲ್ಲಿ ಹದಿನೈದು ಕೋಣೆಗಳ ಹಳೆಯ ಮನೆಯೊಂದು ಆಕೆಯದಾಯಿತು.

ಮಗನ ಗೆಳೆಯರು ಸಂಜೆಯಾದರೆ ಮನೆಯಲ್ಲೇ ಬೀಡುಬಿಡುತ್ತಿದ್ದರು. ಬೀದಿ ಸುತ್ತುವುದಕ್ಕಿಂತ ನನ್ನ ಕಣ್ಣೆದುರಿಗೇ ಇರಲಿ ಎಂದು, ಮೋನಾ ನೆಲಮಾಳಿಗೆಯನ್ನು ಖಾಲಿ ಮಾಡಿಸಿ 1959ರ ಆಗಸ್ಟ್ 29ರಂದು ಅಲ್ಲಿ 'ಕ್ಯಾಸ್ಬಾ ಕಾಫಿ ಕ್ಲಬ್' ತೆರೆದಳು. ಮದ್ಯವಿಲ್ಲ, ಕಾಫಿ, ತಿಂಡಿ, ಹಾಡು. ಗೋಡೆಗೆ ಬಣ್ಣ ಬಳಿಯಲು ಕೈಹಾಕಿದವರು ಜಾನ್, ಪಾಲ್, ಜಾರ್ಜ್. ಆರಂಭದ ದಿನ ಹಾಡಿದವರೂ ಅವರೇ, ಜೊತೆಗೆ ಕೆನ್ ಬ್ರೌನ್ ಎಂಬ ಇನ್ನೊಬ್ಬ ಹುಡುಗ. ರಾತ್ರಿಗೆ ನಾಲ್ವರಿಗೂ ಸೇರಿ ಮೂರು ಪೌಂಡು, ತಲೆಗೆ ಹದಿನೈದು ಷಿಲಿಂಗು.

ಒಂದು ವಾರ ಕೆನ್‌ಗೆ ಜ್ವರ ಬಂತು, ನುಡಿಸಲಾಗಲಿಲ್ಲ. ಆದರೂ ಮೋನಾ ಅವನ ಪಾಲಿನ ಹದಿನೈದು ಷಿಲಿಂಗನ್ನು ಅವನಿಗೇ ಕೊಟ್ಟಳು. ಉಳಿದ ಮೂವರು, ಹಾಡಿದ್ದು ನಾವು, ಅವನಿಗೇಕೆ ಹಣ ಎಂದು ಜಗಳ ತೆಗೆದರು. ಆಕೆ ಜಗ್ಗಲಿಲ್ಲ. ಹುಡುಗರು ಸಿಟ್ಟಿನಿಂದ ಎದ್ದುಹೋದರು. ನನಗೆ ಮೋನಾ ಹಿಡಿಸಿದ್ದು ಇಲ್ಲಿ. ಜ್ವರ ಬಂದ ಹುಡುಗನ ಕೂಲಿ ಕತ್ತರಿಸಬಾರದು ಎಂಬ ನ್ಯಾಯ ಲೆಕ್ಕದ ಪುಸ್ತಕದಿಂದ ಬರುವುದಲ್ಲ, ಅಡುಗೆಮನೆಯಿಂದ ಬರುವುದು.

ಪೀಟ್‌ಗೆ ತಾಯಿಯೇ ಡ್ರಮ್ಮು ಕೊಡಿಸಿದ್ದಳು. 1960ರ ಆಗಸ್ಟಿನಲ್ಲಿ ಜಾನ್‌ನ ತಂಡಕ್ಕೆ ಜರ್ಮನಿಯ ಹ್ಯಾಂಬರ್ಗಿನಿಂದ ಕರೆ ಬಂತು. ಅಲ್ಲಿನ ಬಾರುಗಳಿಗೆ ಅಗ್ಗದ ಇಂಗ್ಲಿಷ್ ಹಾಡುಗಾರರು ಬೇಕಾಗಿದ್ದರು. ಅಷ್ಟು ಹೊತ್ತಿಗೆ ತಂಡದ ಹೆಸರು ಬೀಟಲ್ಸ್ ಎಂದಾಗಿತ್ತು, ಡ್ರಮ್ ಬಾರಿಸುವವನೇ ಇರಲಿಲ್ಲ. ಆತುರಾತುರವಾಗಿ ಪೀಟ್‌ನನ್ನು ಸೇರಿಸಿಕೊಂಡರು. ಮುನಿಸಿಕೊಂಡು ಹೋಗಿದ್ದ ಮನೆಯ ಮಗನೇ ಬೇಕಾದ ನೋಡಿ! ಆಗಸ್ಟ್ 16ರಂದು ಒಂದು ಹಳೆಯ ವ್ಯಾನಿನಲ್ಲಿ ಐವರೂ ಹೊರಟರು: ಜಾನ್, ಪಾಲ್, ಜಾರ್ಜ್, ಪೀಟ್ ಮತ್ತು ಜಾನ್‌ನ ಚಿತ್ರಕಾರ ಗೆಳೆಯ ಸ್ಟುವರ್ಟ್ ಸಟ್‌ಕ್ಲಿಫ್. ಜಾರ್ಜ್‌ಗೆ ಇನ್ನೂ ಹದಿನೇಳು. ಅವನ ತಾಯಿ ಲೂಯಿಸ್ ತಡೆಯಲಿಲ್ಲ. ಮನೆಯಲ್ಲಿ ಮಾಡಿದ ಸ್ಕೋನ್ ಎಂಬ ತಿನಿಸನ್ನು, ನಮ್ಮ ಬಿಸ್ಕತ್ತಿಗೂ ಬನ್ನಿಗೂ ನಡುವಣದು ಅದು, ಒಂದು ತಗಡಿನ ಡಬ್ಬಿಯಲ್ಲಿ ತುಂಬಿ ಕೈಗೆ ಕೊಟ್ಟಳು.

ಆ ಡಬ್ಬಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಮಗ ಹೋಗುತ್ತಿರುವುದು ಎಂಥ ಬೀದಿಗೆ ಎಂದು ಆಕೆಗೆ ಪೂರ್ತಿ ಗೊತ್ತಿತ್ತೋ ಇಲ್ಲವೋ. ಹ್ಯಾಂಬರ್ಗಿನ ಸೇಂಟ್ ಪೌಲಿ ಎಂಬುದು ಬಂದರಿನ ಪಕ್ಕದ ಕೇರಿ. ಹಡಗಿನಿಂದಿಳಿದ ನಾವಿಕರಿಗಾಗಿಯೇ ಇದ್ದ ಬಾರುಗಳು, ಬೆತ್ತಲೆ ಕುಣಿತದ ಮನೆಗಳು, ಮೈ ಮಾರುವ ಬೀದಿಗಳು. ಅಲ್ಲಿ ಗ್ರೋಸೆ ಫ್ರೈಹೈಟ್ ಎಂಬ ಓಣಿಯಲ್ಲಿ ಹುಡುಗರಿಗೆ ಸಿಕ್ಕ ಜಾಗದ ಹೆಸರು ಕೇಳಿ ನಾನು ಬೆಚ್ಚಿಬಿದ್ದೆ. 'ಇಂದ್ರ ಕ್ಲಬ್'! ಸಾಕ್ಷಾತ್ ನಮ್ಮ ಇಂದ್ರನೇ; ಬೀದಿಯ ಮೇಲೆ ತೂಗುಹಾಕಿದ್ದ ಫಲಕದಲ್ಲಿ ಆನೆಯೂ ಇತ್ತು. ಐರಾವತದ ಕೆಳಗೆ, ಸುರಾಪಾನದ ನಡುವೆ, ಮದರಾಸಿನಲ್ಲಿ ಹುಟ್ಟಿದ ಹುಡುಗ 1960ರ ಆಗಸ್ಟ್ 17ರ ರಾತ್ರಿ ಡ್ರಮ್ಮಿನ ಮುಂದೆ ಕುಳಿತ. ಇಂದ್ರನ ಸಭೆಯಲ್ಲಿ ಸಂಗೀತ ಯಾವಾಗಲೂ ಇದ್ದದ್ದೇ, ಆದರೆ ಗಂಧರ್ವರಿಗೆ ಇಷ್ಟು ಕಷ್ಟವಿದ್ದಂತೆ ಪುರಾಣದಲ್ಲಿ ಕಾಣುವುದಿಲ್ಲ.

ಕರಾರಿನ ಪ್ರಕಾರ ವಾರದ ದಿನಗಳಲ್ಲಿ ರಾತ್ರಿ ನಾಲ್ಕೂವರೆ ಗಂಟೆ, ಶನಿವಾರ ಭಾನುವಾರ ಆರು ಗಂಟೆ ನುಡಿಸಬೇಕು. ವಾರಕ್ಕೊಂದು ರಜೆಯೂ ಇಲ್ಲ. ಕೂಲಿ ತಲೆಗೆ ದಿನಕ್ಕೆ ಮೂವತ್ತು ಮಾರ್ಕು. ಮಲಗಲು ಕೊಟ್ಟದ್ದು ಬಾಂಬಿ ಕಿನೋ ಎಂಬ ಸಣ್ಣ ಸಿನಿಮಾ ಮಂದಿರದ ಪರದೆಯ ಹಿಂದೆ, ಶೌಚಾಲಯದ ಪಕ್ಕದ ಕಿಟಕಿಯಿಲ್ಲದ ಕೋಣೆ. ಮುಖ ತೊಳೆಯಲು ಅದೇ ಶೌಚಾಲಯದ ತಣ್ಣೀರು. ಹಗಲು ಸಿನಿಮಾದ ಸದ್ದಿಗೆ ನಿದ್ದೆ ಹಾರುತ್ತಿತ್ತು, ರಾತ್ರಿ ಮಾಲೀಕ "ಮಾಖ್ ಶೌ" ಎಂದು, ಎಂದರೆ ಏನಾದರೂ ಆಟ ತೋರಿಸಿ ಎಂದು, ಕೂಗುತ್ತಿದ್ದ. ಗಿರಾಕಿಗಳು ಕೊಡಿಸುವ ಬಿಯರು, ನಿದ್ದೆ ಬಾರದಿರಲೆಂದು ತೂಕ ಇಳಿಸುವ ಮಾತ್ರೆಗಳು. ಇದನ್ನು ಮುಚ್ಚಿಟ್ಟು ನಿಮಗೆ ಬರೀ ಯಶಸ್ಸಿನ ಕಥೆ ಹೇಳಿದರೆ ನಾನು ಇತಿಹಾಸ ಹೇಳಿದಂತಾಗುವುದಿಲ್ಲ. ಮಾತ್ರೆಗಳನ್ನು ಮುಟ್ಟದಿದ್ದವನು ಪೀಟ್ ಒಬ್ಬನೇ ಎಂದು ಓದಿ, ಯಾರ ಮಗನೋ ಏನೋ, ನನಗೆ ಸಮಾಧಾನವಾಯಿತು.

ಇಂದ್ರದಲ್ಲಿ ನಲವತ್ತೆಂಟು ರಾತ್ರಿ. ಕಡಿಮೆ ಎಂದರೂ ಇನ್ನೂರು ಗಂಟೆಗಳ ಮೇಲಾಯಿತು. ಗದ್ದಲ ತಡೆಯಲಾರದೆ ಮೇಲಿನ ಮನೆಯ ಮುದುಕಿಯೊಬ್ಬಳು ದೂರು ಕೊಟ್ಟಳು. ಅಕ್ಟೋಬರ್ 4ರಿಂದ ಅದೇ ಮಾಲೀಕನ ಇನ್ನೊಂದು ಬಾರು ಕೈಸರ್‌ಕೆಲರ್‌ನಲ್ಲಿ ಮತ್ತೆ ಐವತ್ತೆಂಟು ರಾತ್ರಿ. ಅಷ್ಟು ಹೊತ್ತು ನುಡಿಸಬೇಕಾದರೆ ಗೊತ್ತಿದ್ದ ಹಾಡು ಸಾಲದು. ಚಕ್ ಬೆರ್ರಿ, ಲಿಟಲ್ ರಿಚರ್ಡ್, ಕಾರ್ಲ್ ಪರ್ಕಿನ್ಸ್, ರೇ ಚಾರ್ಲ್ಸ್ ಎಂಬ ಅಮೆರಿಕದವರ ಹಾಡುಗಳನ್ನೆಲ್ಲ ಕಲಿತರು. ಒಂದೊಂದನ್ನು ಎಳೆದೆಳೆದು ಬೆಳೆಸಿದರು. ಮಗ್ಗಿ ಹೇಳಿಸುವ ನಮಗೆ ಈ ಗುಟ್ಟು ಗೊತ್ತು. ಬೇರೆಯವರದನ್ನು ಸಾವಿರ ಸಲ ಹೇಳಿದ ಮೇಲೆ ಒಂದು ದಿನ ನಾಲಿಗೆ ತನ್ನದನ್ನು ಹೇಳುತ್ತದೆ. ಕಾಪಿ ಬರೆಯದೆ ಅಕ್ಷರ ದುಂಡಗಾದ ಮಗುವನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ ನನ್ನನ್ನು ತಟ್ಟಿತು. 1943ರ ಜುಲೈನಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ಇದೇ ಹ್ಯಾಂಬರ್ಗನ್ನು ಸುಟ್ಟಿದ್ದವು. ಕೆಲವೇ ದಿನಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹದಿನೇಳೇ ವರ್ಷಗಳ ನಂತರ ಆ ಊರಿನ ಮಕ್ಕಳು ಇಂಗ್ಲಿಷ್ ಹುಡುಗರ ಹಾಡಿಗೆ ಕುಣಿದರು. ಆಸ್ಟ್ರಿಡ್ ಕಿರ್ಷ್‌ಹೆರ್ ಎಂಬ ಜರ್ಮನ್ ಹುಡುಗಿ ಜಾತ್ರೆಯ ಮೈದಾನದಲ್ಲಿ ಅವರನ್ನು ನಿಲ್ಲಿಸಿ ಫೋಟೋ ತೆಗೆದಳು. ಆ ಕಪ್ಪುಬಿಳುಪು ಚಿತ್ರಗಳಲ್ಲಿ ಇರುವವರು ಇನ್ನೂ ಯಾರೂ ಅಲ್ಲದ ಹುಡುಗರು. ಸಂಧಾನದ ಕಾಗದಗಳಿಗೆ ಸಹಿ ಬೀಳುವುದು ದೊಡ್ಡವರ ಮೇಜಿನ ಮೇಲೆ. ಸಂಧಾನ ಆಗುವುದು ಇಂಥ ಕಡೆ.

ಮೊದಲ ಸಲದ ಹ್ಯಾಂಬರ್ಗು ಮುಗಿದದ್ದು ಅವಮಾನದಲ್ಲಿ. ವಯಸ್ಸು ತುಂಬಿಲ್ಲವೆಂದು ಪತ್ತೆಯಾಗಿ ನವೆಂಬರ್ 21ರಂದು ಜಾರ್ಜ್‌ನನ್ನು ಗಡೀಪಾರು ಮಾಡಿದರು. ಆ ಹುಡುಗ ಒಂಟಿಯಾಗಿ ರೈಲು, ಹಡಗು ಹತ್ತಿ ಊರು ಸೇರಿದ. ಬೇರೆ ಕ್ಲಬ್ಬಿಗೆ ಹೊರಟಿದ್ದ ಪಾಲ್ ಮತ್ತು ಪೀಟ್ ಆ ಕತ್ತಲೆ ಕೋಣೆಯ ಗೋಡೆಗೆ ಏನನ್ನೋ ಸಿಕ್ಕಿಸಿ ಬೆಂಕಿ ಹಚ್ಚಿದರೆಂದು ಮಾಲೀಕ ಪೊಲೀಸರಿಗೆ ಕೊಟ್ಟ. ಅವರನ್ನೂ ವಾಪಸು ಕಳಿಸಿದರು. ಆದರೆ ಡಿಸೆಂಬರ್ 27ರಂದು ಲಿವರ್‌ಪೂಲಿನ ಲಿದರ್‌ಲ್ಯಾಂಡ್ ಟೌನ್ ಹಾಲಿನಲ್ಲಿ ಅವರು ನುಡಿಸಿದಾಗ ಜನ ಕುಣಿಯುವುದನ್ನೇ ಬಿಟ್ಟು ವೇದಿಕೆಗೆ ನುಗ್ಗಿದರು. ಜಾಹೀರಾತಿನಲ್ಲಿ 'ನೇರ ಹ್ಯಾಂಬರ್ಗಿನಿಂದ' ಎಂದಿದ್ದುದರಿಂದ ಅವರು ಜರ್ಮನರೇ ಎಂದುಕೊಂಡು, ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತೀರಿ ಎಂದು ಮೆಚ್ಚಿಕೊಂಡವರೂ ಇದ್ದರಂತೆ! ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಲಿವರ್‌ಪೂಲಿಗೂ ಸಲ್ಲುತ್ತದೆ.

ಎಲ್ಲ ತಾಯಂದಿರಿಗೂ ಮಗ ಹಿಂತಿರುಗಲಿಲ್ಲ. ಸ್ಟುವರ್ಟ್ ತಂಡ ಬಿಟ್ಟು ಆಸ್ಟ್ರಿಡ್‌ಳ ಊರಿನಲ್ಲೇ ಚಿತ್ರಕಲೆ ಕಲಿಯಲು ಉಳಿದ. ತಲೆನೋವು ಶುರುವಾಗಿ, 1962ರ ಏಪ್ರಿಲ್ 10ರಂದು ಮೆದುಳಿನ ರಕ್ತಸ್ರಾವದಿಂದ ಸತ್ತ. ಇಪ್ಪತ್ತೊಂದು ವರ್ಷ. ಅವನ ತಾಯಿ ಮಿಲ್ಲಿ ವಿಮಾನ ಹತ್ತಿ ಬಂದಳು. ಆಕೆ ಶಾಲಾ ಮಾಸ್ತರಿಣಿ. ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಈ ಪುಟದ ಬಗ್ಗೆ ನಾನು ಹೆಚ್ಚು ಬರೆಯಲಾರೆ.

ಪೀಟ್‌ನ ಕಥೆ ಬೇರೆ. ಹುಡುಗರು ಬಾರಿನಿಂದ ಬಾರಿಗೆ ಬೆಳೆಯುವಾಗ ಫೋನು ಹಿಡಿದು ಕಾರ್ಯಕ್ರಮ ಗೊತ್ತುಮಾಡುತ್ತಿದ್ದವಳು, ನೆಲಮಾಳಿಗೆಯಲ್ಲಿ ಜಾಗ ಕೊಟ್ಟವಳು ಮೋನಾ. 1962ರ ಜೂನಿನಲ್ಲಿ ಲಂಡನ್ನಿನ ರೆಕಾರ್ಡಿಂಗಿನಲ್ಲಿ ಅವನ ಡ್ರಮ್ಮು ಒಪ್ಪಿಗೆಯಾಗಲಿಲ್ಲ. ಆಗಸ್ಟ್ 16ರಂದು ವ್ಯವಸ್ಥಾಪಕ ಬ್ರಿಯಾನ್ ಎಪ್‌ಸ್ಟೀನ್ ಅವನನ್ನು ಕಛೇರಿಗೆ ಕರೆದು ಬಿಡಿಸಿದ ಸುದ್ದಿ ಹೇಳಿದ. ವ್ಯಾನು ಹತ್ತಿ ಹ್ಯಾಂಬರ್ಗಿಗೆ ಹೊರಟ ದಿನಕ್ಕೆ ಸರಿಯಾಗಿ ಎರಡು ವರ್ಷ. ಜೊತೆಗಾರರು ಮೂವರೂ ಎದುರಿಗೆ ಬಂದು ಒಂದು ಮಾತು ಹೇಳಲಿಲ್ಲ. ಅವನ ಜಾಗಕ್ಕೆ ರಿಂಗೊ ಸ್ಟಾರ್ ಬಂದ. ಅಕ್ಟೋಬರ್ 5ಕ್ಕೆ ಮೊದಲ ರೆಕಾರ್ಡು ಹೊರಬಂತು. ಮುಂದಿನದು ಲೋಕಕ್ಕೇ ಗೊತ್ತು. ಪೀಟ್ ಸ್ವಲ್ಪ ಕಾಲ ಬ್ರೆಡ್ಡಿನ ಕಾರ್ಖಾನೆಯಲ್ಲಿ ಲಾರಿಗೆ ಸರಕು ತುಂಬಿದ. ಆಮೇಲೆ ಉದ್ಯೋಗ ಕಛೇರಿಯಲ್ಲಿ ನೌಕರನಾಗಿ ಇಪ್ಪತ್ತು ವರ್ಷ, ಕೆಲಸ ಕಳೆದುಕೊಂಡವರಿಗೆ ಕೆಲಸ ಹುಡುಕಿಕೊಟ್ಟ.

ಇದಾದ ಐದು ವರ್ಷಕ್ಕೆ, 1967ರಲ್ಲಿ, ಲೋಕದಲ್ಲೆಲ್ಲ ಹೆಸರಾಗಿದ್ದ ಜಾನ್ ಲೆನನ್ ಮೋನಾಳನ್ನು ಒಂದು ಉಪಕಾರ ಕೇಳಿದ. 'ಸಾರ್ಜೆಂಟ್ ಪೆಪ್ಪರ್' ಎಂಬ ಅವರ ರೆಕಾರ್ಡಿನ ಮುಖಚಿತ್ರಕ್ಕೆ ಬಣ್ಣಬಣ್ಣದ ಸೈನಿಕ ಉಡುಪು ಹಾಕಿಕೊಳ್ಳುವುದಿತ್ತು. ಎದೆಗೆ ಪದಕ ಬೇಕಿತ್ತು. ಮೋನಾಳ ತಂದೆ ಸೈನ್ಯದಲ್ಲಿ ಮೇಜರ್ ಆಗಿದ್ದವರು. ಅವರ ಪದಕಗಳು ಆ ಮನೆಯಲ್ಲಿದ್ದವು. ಮಗನನ್ನು ಒಂದು ಮಾತೂ ಹೇಳದೆ ಕೈಬಿಟ್ಟವರಿಗೆ ಆಕೆ ತನ್ನ ಅಪ್ಪನ ಪದಕಗಳನ್ನು ಕೊಟ್ಟಳು. ಯಾಕೆ ಕೊಟ್ಟಳೆಂದು ನಾನು ಎರಡು ದಿನ ಯೋಚಿಸಿದೆ. ಬಹುಶಃ ಆ ಹುಡುಗನೂ ಆಕೆಗೆ, ನೆಲಮಾಳಿಗೆಯ ಗೋಡೆಗೆ ಬಣ್ಣ ಬಳಿದ, ತಾಯಿಯಿಲ್ಲದ ಹುಡುಗನೇ ಆಗಿದ್ದ.

ಇನ್ನು ನನ್ನದೊಂದು ಸಣ್ಣ ಇತಿಹಾಸವಿದೆ. ಬಿ.ಎ. ಓದುವಾಗ ನಾನು ಹಾಡುತ್ತಿದ್ದೆ. ಎರಡನೆಯ ವರ್ಷ ನಮ್ಮೂರಿನ ಆರ್ಕೆಸ್ಟ್ರಾದವರು ಗಣೇಶನ ಹಬ್ಬಕ್ಕೆ ಹಾಡಿಸಬೇಕೆಂದು ಮನೆಗೇ ಕೇಳಲು ಬಂದರು. ಅಪ್ಪ ಅವರಿಗೆ ಕಾಫಿ ಕೊಡಿಸಿ, ಬಹಳ ಮರ್ಯಾದೆಯಿಂದ, "ನಮ್ಮ ಹುಡುಗಿಗೆ ಪರೀಕ್ಷೆ ಇದೆ" ಎಂದರು. ಪರೀಕ್ಷೆ ಇನ್ನೂ ಆರು ತಿಂಗಳಿತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಏನೋ ಹೇಳುತ್ತಾಳೆಂದು ನಾನು ಅವಳ ಮುಖವನ್ನೇ ನೋಡಿದೆ. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಪ್ಪನ ಮೇಲೆ ನನಗೆ ಯಾವ ಕೋಪವೂ ಉಳಿದಿಲ್ಲ. ಆ ಲೋಟಗಳ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹೇಳಿಕೊಡುವುದಷ್ಟೇ ಈಗ ನನ್ನ ಸಂಗೀತ.

ಶುಕ್ರವಾರ ರಾತ್ರಿ ಕೋಡುಬಳೆ ಕರಿದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದೆ. "ಎಲ್ಲಿಗೆ?" ಎಂದು ಇವರು ಕೇಳಿದರು. "ಮಗಳು ಬಾರಿಸೋದು ನೋಡೋಕೆ. ನೋಡದೆ ಬಿಡು ಅಂತ ಹೇಗೆ ಹೇಳಲಿ?" ಎಂದೆ.

ಆ ಬಾರಿಗೆ ಪರದೆಯೇ ಇರಲಿಲ್ಲ, ಗಾಜಿನ ಬಾಗಿಲಿತ್ತು. ನನ್ನ ಸೀರೆಯನ್ನೂ ಕೈಯ ಡಬ್ಬಿಯನ್ನೂ ಕಂಡ ಕಾವಲಿನವನು, "ಅಮ್ಮಾ, ಯಾರನ್ನ ನೋಡ್ಬೇಕು?" ಎಂದ. ಒಳಗೆ ಮೂಲೆಯ ಮೇಜೊಂದಕ್ಕೆ ಕೂಡಿಸಿದರು. ನಿಂಬೆಹಣ್ಣಿನ ಸೋಡಾ ತರಿಸಿಕೊಂಡೆ. ಅಲ್ಲಿದ್ದದ್ದು ರಾಕ್ಷಸರಲ್ಲ. ಆಫೀಸು ಮುಗಿಸಿ ಬಂದ ದಣಿದ ಮುಖಗಳು, ಹುಟ್ಟುಹಬ್ಬದ ಒಂದು ಗುಂಪು, ಗೋಡೆಯ ಟಿ.ವಿ.ಯಲ್ಲಿ ಕ್ರಿಕೆಟ್. ಮೊದಲ ಮೂರು ಹಾಡುಗಳನ್ನು ಯಾರೂ ಕೇಳಲಿಲ್ಲ. ನನ್ನ ಮಗಳು ಯಾರೂ ಕೇಳದ ಆ ಹಾಡುಗಳಿಗೆ, ಕೂದಲು ಎತ್ತಿ ಕಟ್ಟಿಕೊಂಡು, ತುಟಿ ಕಚ್ಚಿಕೊಂಡು, ಪರೀಕ್ಷೆ ಬರೆಯುವವಳ ಹಾಗೆ ಬಾರಿಸಿದಳು. ನಾಲ್ಕನೆಯದರಲ್ಲಿ ಹಾಡುವ ಹುಡುಗ ಸಾಲು ಮರೆತ. ಗಿಟಾರಿನವನು ಗಾಬರಿಯಾಗಿ ಹಿಂದಕ್ಕೆ ತಿರುಗಿದ. ಅವಳು ನಿಲ್ಲಿಸಲಿಲ್ಲ. ತಾಳ ಬಿಡದೆ ನಾಲ್ಕು ಸುತ್ತು ಬಾರಿಸುತ್ತಲೇ ಇದ್ದಳು. ಅವನಿಗೆ ಸಾಲು ನೆನಪಾಗಿ ಮತ್ತೆ ಸೇರಿಕೊಂಡ. ಕ್ರಿಕೆಟ್ ನೋಡುತ್ತಿದ್ದ ಒಬ್ಬ ಈ ಕಡೆ ತಿರುಗಿ, ತಿರುಗಿದವನು ಹಾಗೇ ಉಳಿದ. ರಾಜಕುಮಾರ್ ಅವರ ಹಳೆಯ ಹಾಡೊಂದು ಬರುವ ಹೊತ್ತಿಗೆ ಹುಟ್ಟುಹಬ್ಬದ ಗುಂಪು ದನಿಗೂಡಿಸುತ್ತಿತ್ತು. ನಾನೂ ದನಿಗೂಡಿಸಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ?

ಮುಗಿದ ಮೇಲೆ ಹಣ ಹಂಚಿಕೊಂಡರು. ತಲೆಗೆ ಒಂಬೈನೂರು ರೂಪಾಯಿ. ಬೆರಳು ಮುರಿದುಕೊಂಡು ಆ ದಿನ ಬಾರದಿದ್ದ ಕೀಬೋರ್ಡಿನ ಹುಡುಗನಿಗೂ ಒಂದು ಪಾಲು ಎತ್ತಿಟ್ಟರು. ಯಾರು ಹೇಳಿದ್ದು ಎಂದು ಕೇಳಿದೆ. "ನಾನೇ" ಎಂದಳು ಮಗಳು, ಕೋಡುಬಳೆ ಕಡಿಯುತ್ತ. ಅವಳ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು.

ಭಾನುವಾರ ಊರಿಗೆ ಬಂದು ನಾನೇ ಹುಡುಗನ ಚಿಕ್ಕಮ್ಮನಿಗೆ ಫೋನು ಮಾಡಿದೆ. ಪಕ್ಕದ ಕುರ್ಚಿಯಲ್ಲಿ ಇವರು ಪೇಪರು ಹಿಡಿದು ಕುಳಿತಿದ್ದರು, ಹಾಳೆ ತಿರುಗಿಸುತ್ತಿರಲಿಲ್ಲ. "ಹೌದು, ಅದು ನಮ್ಮ ಹುಡುಗಿಯೇ. ನಿನ್ನೆಯೂ ಬಾರಿಸಿದಳು, ನಾನು ಹೋಗಿ ಕೇಳಿ ಬಂದೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮದುವೆ ಆದಮೇಲೆ ಬಿಡ್ತಾಳೆ ತಾನೆ?" ಎಂದರು.

"ಅದನ್ನ ಅವಳನ್ನೇ ಕೇಳಿ ನೋಡಿ. ನಂಬರು ಕೊಡ್ತೀನಿ, ಬರ್ಕೊಳ್ಳಿ" ಎಂದೆ.

ಅವರು ಬರೆದುಕೊಂಡರೋ ಇಲ್ಲವೋ, ಮತ್ತೆ ಮಾತು ಮುಂದುವರಿಯಲಿಲ್ಲ. ಮನೆಯಲ್ಲಿ ಎಂಟು ದಿನ ಮೌನವಿತ್ತು. ಒಳ್ಳೆಯ ಸಂಬಂಧವೊಂದು ತಪ್ಪಿತಲ್ಲ ಎಂದು ರಾತ್ರಿ ಎಚ್ಚರವಾದಾಗ ನನಗೂ ಅನ್ನಿಸದೆ ಇಲ್ಲ. ಸುಳ್ಳು ಯಾಕೆ ಹೇಳಲಿ? ಒಂಬತ್ತನೆಯ ದಿನ ಇವರು ಕಾಫಿ ಕುಡಿಯುತ್ತ, ಫೋನಿನಲ್ಲಿ ಅದೇ ವಿಡಿಯೋ ಹಾಕಿಕೊಂಡು, ಸದ್ದು ಸ್ವಲ್ಪ ಹೆಚ್ಚು ಮಾಡಿ, ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ತಾಳ ತಪ್ಪುತ್ತಿತ್ತು. ನಾನು ಏನೂ ಹೇಳದೆ ಲೋಟ ಎತ್ತಿಕೊಳ್ಳಲು ಹೋದವಳು, ಅಲ್ಲೇ ಬಿಟ್ಟು, ಎದುರಿನ ಕುರ್ಚಿಯಲ್ಲಿ ಕುಳಿತುಕೊಂಡೆ.